ಫಿಸಿಯೋಥೆರಪಿಗೆ ಮೊದಲ ಸಲ ಹೊರಟವರಿಗೆ: ಏನು ತರಬೇಕು, ಏನು ಕೇಳಬೇಕು, ಎಲ್ಲಿ ಎಡವುತ್ತೇವೆ

“ಎಷ್ಟು ದಿನ ಕರೆಂಟ್ ಕೊಡಿಸಬೇಕು?” ಹೊಸದಾಗಿ ಬರುವ ಹೆಚ್ಚಿನವರ ಮೊದಲ ಪ್ರಶ್ನೆ ಇದೇ. ಎರಡನೆಯದು, “ನೋವಾಗುತ್ತಾ?” ಮೂರನೆಯದು ನಮ್ಮ ಕೊಡಗಿನದೇ ಪ್ರಶ್ನೆ: “ಕಾಫಿ ಕುಯ್ಲು ಮುಗಿಸಿ ಬಂದ್ರೆ ಆಗಲ್ವಾ?” ನಾನು ಫಿಸಿಯೋಥೆರಪಿಸ್ಟ್. ಫೋನಿನಲ್ಲಿ, ಸಂತೆಯಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ ಇದಕ್ಕೇ ಉತ್ತರ ಹೇಳಿ ಹೇಳಿ, ಒಂದು ಸಲ ಬರೆದೇ ಬಿಡೋಣ ಅನಿಸಿತು.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಕರೆಂಟ್ ಕೊಡುವುದು, ಅಂದರೆ ನೋವಿನ ಜಾಗಕ್ಕೆ ಮೆಷಿನ್‌ನಿಂದ ಸಣ್ಣಗೆ ವಿದ್ಯುತ್ ಹರಿಸುವುದು, ಚಿಕಿತ್ಸೆಯ ಸಣ್ಣ ಭಾಗ, ಕೆಲವರಿಗೆ ಬೇಕಾಗುವುದೇ ಇಲ್ಲ. ನೋವು ಸ್ವಲ್ಪ ಆಗಬಹುದು, ಅದಕ್ಕೊಂದು ಲೆಕ್ಕ ಇದೆ. ಕುಯ್ಲು ಮುಗಿಯುವ ತನಕ ಕಾಯುವ ವಿಷಯ ನಿಮ್ಮ ತೊಂದರೆ ಯಾವುದು ಅನ್ನುವುದರ ಮೇಲೆ ನಿಂತಿದೆ. ಉಳಿದದ್ದನ್ನು ಒಂದೊಂದಾಗಿ ನೋಡೋಣ.

1. ಮೊದಲು ಡಾಕ್ಟರ ಹತ್ತಿರವಾ, ಫಿಸಿಯೋ ಹತ್ತಿರವಾ?

ಹಳೆಯ ಮಂಡಿ ನೋವು, ಕುತ್ತಿಗೆ ಬಿಗಿತ, ಬಗ್ಗಿ ಬಗ್ಗಿ ಬಂದ ಸೊಂಟ ನೋವು ಇಂಥದ್ದಕ್ಕೆ ನೇರವಾಗಿ ಫಿಸಿಯೋ ಹತ್ತಿರ ಹೋದರೂ ನಡೆಯುತ್ತದೆ. ಬಿದ್ದು ಪೆಟ್ಟಾಗಿದ್ದರೆ ಮಾತ್ರ ಮೊದಲು ಮೂಳೆ ಡಾಕ್ಟರಿಗೆ ತೋರಿಸಿ ಎಕ್ಸ್‌ರೇ ತೆಗೆಸಿ. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ ಮೆಡಿಕಲ್ ಕಾಲೇಜಿಗೆ ಸೇರಿದೆ. ಅಲ್ಲಿ ಮೂಳೆ ವಿಭಾಗದಲ್ಲಿ ತೋರಿಸಿ, ಫಿಸಿಯೋ ಬಗ್ಗೆಯೂ ಅಲ್ಲೇ ವಿಚಾರಿಸಬಹುದು.

ಕರಿಮೆಣಸು ಕುಯ್ಯುವಾಗ ಏಣಿಯಿಂದ ಜಾರಿದವರು, ಮಳೆಗಾಲದಲ್ಲಿ ಪಾಚಿ ಮೆಟ್ಟಿಲಲ್ಲಿ ಬಿದ್ದವರು ಮೊದಲು ಎಣ್ಣೆ ಹಾಕಿ ತಿಕ್ಕಿಸಿಕೊಂಡು, ವಾರ ಬಿಟ್ಟು ಊತ ಇಳಿಯದಿದ್ದಾಗ ಬರುತ್ತಾರೆ. ಒಳಗೆ ಮೂಳೆ ಸೀಳಿದ್ದರೆ ತಿಕ್ಕಿದಷ್ಟೂ ಕೆಡುತ್ತದೆ. ನಾಟಿ ಮದ್ದಿನ ಮೇಲೆ ನಿಮಗೆ ನಂಬಿಕೆ ಇರಬಹುದು, ಅದರ ಬಗ್ಗೆ ನಾನು ಜಗಳ ಮಾಡುವುದಿಲ್ಲ. ಎಕ್ಸ್‌ರೇ ಆಗುವ ತನಕ ಯಾರ ಕೈಗೂ ಕೊಡಬೇಡಿ, ಅಷ್ಟೇ. ಹೊಸ ಪೆಟ್ಟಿಗೆ ಮೊದಲ ಎರಡು ಮೂರು ದಿನ ಶಾಖವೂ ಬೇಡ, ಮಾಲೀಸೂ ಬೇಡ. ಬಟ್ಟೆಯಲ್ಲಿ ಸುತ್ತಿದ ಐಸ್ 10-15 ನಿಮಿಷ ಇಡಿ.

ಈ ಕೆಳಗಿನವು ಕಂಡರೆ ಫಿಸಿಯೋ ವಿಷಯ ಮರೆತು ಸೀದಾ ಆಸ್ಪತ್ರೆಗೆ ಹೋಗಬೇಕು:

- ಸೊಂಟ ನೋವಿನ ಜೊತೆ ಮೂತ್ರ, ಮಲದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿಕೊಂಡರೆ, ಅಥವಾ ತೊಡೆಯ ಸಂದಿಯ ಭಾಗ ಜೋಮು ಹಿಡಿದರೆ. ನರಗಳ ಗೊಂಚಲು ಒತ್ತಿಹೋಗಿರುವ ಲಕ್ಷಣ ಇದು. ನಾಳೆ ನೋಡೋಣ ಅನ್ನುವ ಹಾಗಿಲ್ಲ.
- ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ, ಅದರಲ್ಲೂ ಆಪರೇಷನ್ ಆದ ಮೇಲೆ ಅಥವಾ ತುಂಬಾ ದಿನ ಮಲಗಿದ ಮೇಲೆ. ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ಒತ್ತಬಾರದು, ತಿಕ್ಕಬಾರದು.
- ಬೆನ್ನು ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿ ನೋವು.
- ಬಾಯಿ ಸೊಟ್ಟಗಾಗಿ, ಒಂದು ಕೈ ಬಿದ್ದುಹೋಗಿ, ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಲಕ್ಷಣ, 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ನಾಲ್ಕೂವರೆ ಗಂಟೆಯ ಗಡುವು ಇದೆ. ಘಟ್ಟದ ರಸ್ತೆಯಲ್ಲಿ ಅದು ಬೇಗ ಮುಗಿದುಹೋಗುತ್ತದೆ.

2. ಆಪರೇಷನ್ ಮೈಸೂರಿನಲ್ಲಿ, ವ್ಯಾಯಾಮ ಮನೆಯಲ್ಲಿ

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮಲ್ಲಿ ತಪ್ಪು ಜಾಸ್ತಿ ಆಗುವುದು ಇಲ್ಲೇ. ಮಂಡಿ ಬದಲಿಸುವ ಆಪರೇಷನ್, ತೊಡೆ ಮೂಳೆಗೆ ರಾಡ್, ಭುಜದ ಆಪರೇಷನ್ ಅಂದರೆ ನಮ್ಮವರು ಹೆಚ್ಚಾಗಿ ಮೈಸೂರಿಗೋ ಮಂಗಳೂರಿಗೋ ಹೋಗುತ್ತಾರೆ. ಮಡಿಕೇರಿಯಿಂದ ಎರಡೂ ಕಡೆ ನೂರು ಕಿಲೋಮೀಟರಿಗೂ ಜಾಸ್ತಿ. ನಾಲ್ಕೈದು ದಿನದಲ್ಲಿ ಡಿಸ್ಚಾರ್ಜ್ ಆಗುತ್ತದೆ. ಚೀಟಿಯ ಕೊನೆಯಲ್ಲಿ “ಫಿಸಿಯೋಥೆರಪಿ ಮಾಡಿಸಿ” ಅಂತ ಒಂದು ಸಾಲು ಇರುತ್ತದೆ. ಆ ಒಂದು ಸಾಲಿನಿಂದ ಊರಿನ ಫಿಸಿಯೋಗೆ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ಹಾಸಿಗೆ ಬಿಟ್ಟು ಹೊರಡುವ ಮೊದಲು ಆಪರೇಷನ್ ಮಾಡಿದ ಡಾಕ್ಟರನ್ನು ಕೇಳಿ ಇಷ್ಟನ್ನು ಬರೆಸಿಕೊಳ್ಳಿ. ಬಾಯಿ ಮಾತು ಸಾಲದು.

ಒಂದು, ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು. ಇದಕ್ಕೆ ‘ವೇಯ್ಟ್ ಬೇರಿಂಗ್’ ಅನ್ನುತ್ತಾರೆ. ಚೀಟಿಯಲ್ಲಿ ಎನ್‌ಡಬ್ಲ್ಯುಬಿ ಅಂತಿದ್ದರೆ ಆ ಕಾಲು ನೆಲಕ್ಕೆ ಊರಲೇಬಾರದು. ಪಿಡಬ್ಲ್ಯುಬಿ ಅಂದರೆ ಅರೆಬರೆ ಭಾರ, ವಾಕರ್ ಅಥವಾ ಊರುಗೋಲಿನ ಜೊತೆ. ಎಫ್‌ಡಬ್ಲ್ಯುಬಿ ಅಂದರೆ ಪೂರ್ತಿ ಭಾರ ಹಾಕಬಹುದು.

ಎರಡು, ಯಾವ ಚಲನೆ ಮಾಡಬಾರದು, ಎಷ್ಟು ವಾರ. ಸೊಂಟದ ಕೀಲು ಬದಲಿಸಿದ ಅನೇಕರಿಗೆ ಕೆಲವು ವಾರ ಕಾಲ ಮೇಲೆ ಕಾಲು ಹಾಕಬೇಡಿ, ತಗ್ಗು ಮಣೆಯ ಮೇಲೆ ಕೂರಬೇಡಿ, ಸೊಂಟ 90 ಡಿಗ್ರಿಗಿಂತ ಜಾಸ್ತಿ ಮಡಚಬೇಡಿ ಅಂತ ಹೇಳಿರುತ್ತಾರೆ. ಮನೆಯಲ್ಲಿ ನೆಲದ ಕಕ್ಕಸು ಮಾತ್ರ ಇದ್ದರೆ ಆಪರೇಷನ್‌ಗೆ ಮೊದಲೇ ಕಮೋಡ್ ಕುರ್ಚಿ ತಂದಿಡಿ. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಇರುವವರು ಈ ವಿಷಯ ಹೇಳಲು ಸಂಕೋಚ ಪಡುತ್ತಾರೆ. ದಯವಿಟ್ಟು ಹೇಳಿ.

ಮೂರು, ಹೊಲಿಗೆ ಯಾವಾಗ ಬಿಚ್ಚುತ್ತಾರೆ, ಮುಂದಿನ ಎಕ್ಸ್‌ರೇ ಯಾವಾಗ, ಅನುಮಾನ ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು.

ಮಂಡಿ ಬದಲಿಸಿದವರು ಕಾಯಲೇಬಾರದು. ಆಸ್ಪತ್ರೆಯಲ್ಲೇ ಅದೇ ದಿನ ಅಥವಾ ಮಾರನೆಯ ದಿನ ಎಬ್ಬಿಸಿ ನಡೆಸುತ್ತಾರೆ. ಮನೆಗೆ ಬಂದು “ಸುಧಾರಿಸಿಕೊಳ್ಳಲಿ” ಅಂತ ಮೂರು ವಾರ ದಿಂಬಿನ ಮೇಲೆ ಕಾಲಿಟ್ಟು ಮಲಗಿಸಿದರೆ ಮಂಡಿ ಬಿಗಿದುಕೊಳ್ಳುತ್ತದೆ. ಮಂಡಿಯ ಕೆಳಗೆ ದಿಂಬು ಇಡುವುದೂ ತಪ್ಪೇ. ಹಿತ ಅನಿಸುತ್ತೆ, ನಿಜ. ಆದರೆ ಕಾಲು ಪೂರ್ತಿ ನೇರ ಆಗುವುದೇ ನಿಂತುಹೋಗುತ್ತದೆ. ದಿಂಬು ಬೇಕೇ ಬೇಕಾದರೆ ಹಿಮ್ಮಡಿಯ ಕೆಳಗೆ ಇಡಿ.

3. ಫಿಸಿಯೋ ಯಾರು ಅಂತ ಕೇಳಿ

ಬಿಪಿಟಿ ಅಂದರೆ ಫಿಸಿಯೋಥೆರಪಿಯ ಪದವಿ. ಈಗ ಕೆಲಸ ಮಾಡುತ್ತಿರುವ ಹೆಚ್ಚಿನವರು ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷ ಓದಿದವರು. ಎಂಪಿಟಿ ಅದರ ಮೇಲಿನ ಎರಡು ವರ್ಷ. ಗೋಡೆಯ ಮೇಲೆ ಸರ್ಟಿಫಿಕೇಟ್ ಕಾಣದಿದ್ದರೆ ಕೇಳಿ, ಕೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ. ಬೇಜಾರಾದರೆ ಬೇರೆ ಕಡೆ ಹೋಗಿ.

ದುಡ್ಡಿನ ವಿಷಯವನ್ನೂ ಮೊದಲ ದಿನವೇ ಮಾತಾಡಿ. ಒಂದು ಸಲಕ್ಕೆ ಎಷ್ಟು, ಮನೆಗೆ ಬಂದರೆ ಎಷ್ಟು, ನಡುವೆ ಬಿಟ್ಟರೆ ಮುಂಗಡ ವಾಪಸ್ ಕೊಡುತ್ತಾರಾ. ಇನ್ಶೂರೆನ್ಸ್‌ನಲ್ಲಿ ಹೊರರೋಗಿಯಾಗಿ ಮಾಡಿಸುವ ಫಿಸಿಯೋಗೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ಆಪರೇಷನ್ ಆಗಿ ಮನೆಗೆ ಬಂದ ಮೇಲಿನ ಇಷ್ಟು ದಿನದ ಖರ್ಚು ಅಂತ ಕೆಲವು ಪಾಲಿಸಿಗಳಲ್ಲಿ ಸಿಗುತ್ತದೆ. ಬಿಲ್ಲು, ಡಾಕ್ಟರ ಚೀಟಿ ಎರಡನ್ನೂ ಜೋಪಾನ ಮಾಡಿ.

4. ಚೀಲದಲ್ಲಿ ಏನಿರಬೇಕು, ಮೈಮೇಲೆ ಏನಿರಬೇಕು

ಡಿಸ್ಚಾರ್ಜ್ ಚೀಟಿ, ಎಕ್ಸ್‌ರೇ, ಎಂಆರ್‌ಐ ಇದ್ದರೆ ಅದರ ರಿಪೋರ್ಟ್, ದಿನಾ ನುಂಗುವ ಮಾತ್ರೆಗಳು. ಹೆಸರು ನೆನಪಿಲ್ಲದಿದ್ದರೆ ಮಾತ್ರೆಯ ಸ್ಟ್ರಿಪ್ಪನ್ನೇ ಚೀಲಕ್ಕೆ ಹಾಕಿಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಬಾಯಿಬಿಟ್ಟು ಹೇಳಿ. ಎಕ್ಸ್‌ರೇ ಫಿಲ್ಮನ್ನು ಮಡಚಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬೀರುವಿನಲ್ಲಿಡಿ. ಮೊಬೈಲಿನಲ್ಲೂ ಒಂದು ಫೋಟೋ ಇರಲಿ.

ಎಂಆರ್‌ಐ ರಿಪೋರ್ಟ್ ಓದಿ ಹೆದರಿಕೊಂಡು ಬರುವವರಿಗೆ ಒಂದು ಮಾತು. ‘ಡಿಸ್ಕ್ ಬಲ್ಜ್’ ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಸ್ವಲ್ಪ ಉಬ್ಬಿದೆ ಅಂತ. ನೋವೇ ಇಲ್ಲದವರ ಸ್ಕ್ಯಾನಿಂಗ್ ಮಾಡಿ ನೋಡಿದಾಗ ಇಪ್ಪತ್ತರ ವಯಸ್ಸಿನವರಲ್ಲೇ ನೂರಕ್ಕೆ ಸುಮಾರು 30 ಜನರಲ್ಲಿ ಇದು ಕಂಡಿದೆ. ಎಂಬತ್ತರ ವಯಸ್ಸಿಗೆ ಅದು ನೂರಕ್ಕೆ 80 ದಾಟುತ್ತದೆ. ತಲೆಗೂದಲು ಹಣ್ಣಾದ ಹಾಗೆ ಅಂದುಕೊಳ್ಳಿ.

ಬಟ್ಟೆ ಸಡಿಲವಾಗಿರಲಿ. ಮಂಡಿ ನೋವಿಗೆ ಮಂಡಿಯ ಮೇಲಕ್ಕೆ ಸರಿಸಬಹುದಾದ ಚಡ್ಡಿ ಅಥವಾ ಅಗಲ ಪ್ಯಾಂಟ್, ಭುಜಕ್ಕೆ ಅಗಲ ತೋಳಿನ ಅಂಗಿ. ಕೊಡವ ಶೈಲಿಯಲ್ಲಿ ನೆರಿಗೆಯನ್ನು ಹಿಂದಕ್ಕೆ ಸಿಕ್ಕಿಸಿ ಸೀರೆ ಉಟ್ಟು ಬಂದರೆ ನೋಡಲು ಚೆಂದವೇ, ಆದರೆ ಸರಿಯಾಗಿ ಸೊಂಟದ ಮೇಲೇ ನೆರಿಗೆಯ ಗಂಟು ಕೂರುತ್ತದೆ! ಸೊಂಟ ನೋವಿಗೆ ಬರುವ ದಿನ ಚೂಡಿದಾರ್ ವಾಸಿ. ಹೆಂಗಸರು ಪರದೆ ಕೇಳಬಹುದು, ಜೊತೆಗೊಬ್ಬರನ್ನು ಒಳಗೆ ಕರೆದುಕೊಳ್ಳಬಹುದು, ಲೇಡಿ ಥೆರಪಿಸ್ಟ್ ಇದ್ದಾರಾ ಅಂತ ಮೊದಲೇ ವಿಚಾರಿಸಬಹುದು. ಇದು ನಿಮ್ಮ ಹಕ್ಕು.

ಹೊಟ್ಟೆ ತುಂಬ ಊಟ ಮಾಡಿ ಕೂಡಲೇ ಬರಬೇಡಿ, ಉಪವಾಸವೂ ಬರಬೇಡಿ. ಸಕ್ಕರೆ ಕಾಯಿಲೆಯವರು ತಿಂಡಿ ತಿಂದು, ಜೇಬಿನಲ್ಲಿ ಎರಡು ಪೆಪ್ಪರ್‌ಮೆಂಟ್ ಇಟ್ಟುಕೊಂಡು ಬನ್ನಿ. ಬಿಪಿ ಮಾತ್ರೆ ತಪ್ಪಿಸಬೇಡಿ.

5. ಮೊದಲ ದಿನ ಏನಾಗುತ್ತದೆ

ಮೊದಲ ದಿನ ಮಾತೇ ಜಾಸ್ತಿ. “ಒಂದು ಗಂಟೆ ಬರೀ ಪ್ರಶ್ನೆ ಕೇಳಿದ್ರು, ಏನೂ ಮಾಡ್ಲಿಲ್ಲ” ಅಂತ ಬೇಸರ ಮಾಡಿಕೊಳ್ಳಬೇಡಿ. ಅದಕ್ಕೆ ‘ಅಸೆಸ್‌ಮೆಂಟ್’ ಅಂತಾರೆ. ನೋವು ಯಾವಾಗ ಶುರುವಾಯಿತು, ಯಾವುದರಿಂದ ಜಾಸ್ತಿ, ಯಾವುದರಿಂದ ಕಮ್ಮಿ ಎಂದೆಲ್ಲ ಕೇಳುತ್ತಾರೆ. ಕೀಲು ಎಷ್ಟು ಮಡಚುತ್ತದೆ ಅಂತ ಡಿಗ್ರಿಯಲ್ಲಿ ಅಳೆಯುತ್ತಾರೆ, ಇದು ‘ರೇಂಜ್’. ಸ್ನಾಯುವಿನ ಬಲಕ್ಕೆ 0ಯಿಂದ 5ರ ತನಕ ಅಂಕ ಕೊಡುತ್ತಾರೆ. ನೋವಿಗೆ 0ಯಿಂದ 10ರ ತನಕ ನೀವೇ ಅಂಕ ಕೊಡಬೇಕು. ನೀವು ನಡೆಯುವುದನ್ನು ನೋಡುತ್ತಾರೆ. ಅಲ್ಲಿ ಚೆಂದ ಮಾಡಿ ನಡೆಯಬೇಡಿ, ಮನೆಯಲ್ಲಿ ನಡೆಯುವ ಹಾಗೆ ಕುಂಟಿಕೊಂಡೇ ನಡೆಯಿರಿ.

ಮುಖ್ಯ ವಿಷಯ ಇಲ್ಲಿದೆ. ನಿಮ್ಮ ಕೆಲಸ ಏನು ಅಂತ ಕೇಳಿದಾಗ “ತೋಟ” ಅಂದು ಸುಮ್ನೆ ಆಗಬೇಡಿ. ಕಳೆ ಕೊಚ್ಚುವ ಮೆಷಿನ್ ಹೊರುತ್ತೀರಾ? ಹಣ್ಣು ಕುಯ್ಯುವಾಗ ಚೀಲವನ್ನು ಸೊಂಟಕ್ಕೆ ಕಟ್ಟುತ್ತೀರಾ? 50 ಕಿಲೋ ಮೂಟೆಯನ್ನು ಜೀಪಿಗೆ ಏರಿಸುವವರು ನೀವೇನಾ? ಮನೆ ಗುಡ್ಡದ ಮೇಲಿದ್ದು ದಿನಾ ಇಳಿದು ಹತ್ತಬೇಕಾ? ಇದರ ಮೇಲೆ ವ್ಯಾಯಾಮ ಬದಲಾಗುತ್ತದೆ. ಇಳಿಜಾರಿನಲ್ಲಿ ಇಳಿಯುವಾಗ ಮಂಡಿಯ ಮೇಲೆ ಬೀಳುವ ಭಾರ ಸಮನೆಲದಲ್ಲಿ ನಡೆಯುವಾಗಿನದಕ್ಕಿಂತ ಜಾಸ್ತಿ. ಬೆಂಗಳೂರಿನ ಫ್ಲಾಟಿನಲ್ಲಿ ಇರುವವರಿಗೆ ಬರೆದ ಚೀಟಿ ಭಾಗಮಂಡಲದ ತೋಟದವರಿಗೆ ಹೊಂದುವುದಿಲ್ಲ.

ಕೊನೆಯಲ್ಲಿ ಗುರಿಯನ್ನು ಬರೆಸಿಕೊಳ್ಳಿ. “ನೋವು ಹೋಗಬೇಕು” ಅನ್ನುವುದರ ಬದಲು “ಯಾರ ಕೈಯೂ ಹಿಡಿಯದೆ ಮನೆ ಮೆಟ್ಟಿಲು ಇಳಿಯಬೇಕು”, “ತಲೆಗೆ ಕೈ ಎತ್ತಿ ಜಡೆ ಹಾಕಿಕೊಳ್ಳಬೇಕು” ಅಂತ ಹೇಳಿ. ಆಗ ಅಳೆಯಬಹುದು.

6. ಮೆಷಿನ್‌ಗಳ ಬಗ್ಗೆ

ಐಎಫ್‌ಟಿ, ಟೆನ್ಸ್ ಇವೇ ‘ಕರೆಂಟ್’. ಚರ್ಮದ ಮೇಲೆ ಪ್ಯಾಡ್ ಇಟ್ಟು ಸಣ್ಣ ಪ್ರಮಾಣದ ವಿದ್ಯುತ್ ಹರಿಸುತ್ತಾರೆ. ಜುಂ ಜುಂ ಅನ್ನುತ್ತದೆ, ಶಾಕ್ ಹೊಡೆಯುವುದಿಲ್ಲ. ಅಲ್ಟ್ರಾಸೌಂಡ್ ಅಂದರೆ ಇಲ್ಲಿ ಹೊಟ್ಟೆ ಸ್ಕ್ಯಾನಿಂಗ್ ಅಲ್ಲ, ಜೆಲ್ ಹಚ್ಚಿ ಶಬ್ದದ ಅಲೆ ಹಾಯಿಸುವುದು. ಎಸ್‌ಡಬ್ಲ್ಯುಡಿ ಆಳದ ಶಾಖ ಕೊಡುವ ಯಂತ್ರ. ವ್ಯಾಕ್ಸ್ ಅಂದರೆ ಕರಗಿದ ಮೇಣದ ಶಾಖ. ಟ್ರಾಕ್ಷನ್ ಅಂದರೆ ಕುತ್ತಿಗೆ ಅಥವಾ ಸೊಂಟವನ್ನು ಹದವಾಗಿ ಎಳೆಯುವುದು.

ಇವೆಲ್ಲ ನೋವನ್ನು ಸ್ವಲ್ಪ ಹೊತ್ತು ಕಮ್ಮಿ ಮಾಡಿ, ವ್ಯಾಯಾಮಕ್ಕೆ ದಾರಿ ಮಾಡಿಕೊಡುತ್ತವೆ. ಸ್ನಾಯುವಿಗೆ ಬಲ ಬರುವುದು ವ್ಯಾಯಾಮದಿಂದ. ಹತ್ತು ದಿನ ಮೆಷಿನ್ ಮಾತ್ರ ಹಾಕಿ, ಒಂದು ವ್ಯಾಯಾಮವನ್ನೂ ಹೇಳಿಕೊಡದೆ ಕಳಿಸಿದರೆ ನೀವು ಅರ್ಧ ಚಿಕಿತ್ಸೆಗೆ ಪೂರ್ತಿ ದುಡ್ಡು ಕೊಟ್ಟ ಹಾಗೆ. ಆಷಾಢದ ಮಳೆಗೆ ಮೂರು ದಿನ ಕರೆಂಟ್ ಹೋದರೂ ವ್ಯಾಯಾಮಕ್ಕೆ ತೊಂದರೆ ಇಲ್ಲ, ಅಲ್ವಾ?

ಮೆಷಿನ್ ಹಚ್ಚುವ ಮೊದಲು ಇವನ್ನು ತಪ್ಪದೆ ಹೇಳಿ: ಎದೆಯಲ್ಲಿ ಪೇಸ್‌ಮೇಕರ್ ಇದೆಯಾ, ಗರ್ಭಿಣಿಯಾ, ಮೈಯಲ್ಲಿ ರಾಡು, ಪ್ಲೇಟು ಇದೆಯಾ, ಕ್ಯಾನ್ಸರ್ ಆಗಿತ್ತಾ, ಪಾದ ಜೋಮು ಹಿಡಿದಿದೆಯಾ. ಪೇಸ್‌ಮೇಕರ್ ಇದ್ದವರಿಗೆ ಕರೆಂಟ್ ಮತ್ತು ಎಸ್‌ಡಬ್ಲ್ಯುಡಿ ಅಪಾಯ. ರಾಡ್ ಇರುವ ಜಾಗಕ್ಕೆ ಎಸ್‌ಡಬ್ಲ್ಯುಡಿ ಕೊಡಬಾರದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಿಗೆ ಶಾಖ ಸುಟ್ಟರೂ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಒಲೆಯ ಮುಂದೆ ಕಾಲು ಚಾಚಿ ಕೂರುವ ಹಿರಿಯರಿಗೂ ಇದನ್ನು ಹೇಳಿ. ಬೆಳಗ್ಗೆ ಎದ್ದಾಗ ಪಾದದಲ್ಲಿ ಬೊಬ್ಬೆ ಬಂದಿರುತ್ತದೆ.

7. ನೋವಿನ ಲೆಕ್ಕ

ವ್ಯಾಯಾಮ ಮಾಡುವಾಗ ನೋವು ಹತ್ತರಲ್ಲಿ ಮೂರು ನಾಲ್ಕರೊಳಗೆ ಇದ್ದು, ಮಾರನೆಯ ಬೆಳಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದರೆ ಮುಂದುವರಿಸಬಹುದು. ಮಾರನೆಯ ದಿನವೂ ಜಾಸ್ತಿಯೇ ಇದ್ದರೆ, ಊದಿದರೆ, ವ್ಯಾಯಾಮ ಕಮ್ಮಿ ಮಾಡಿ ಫಿಸಿಯೋಗೆ ಹೇಳಿ. ಹೊಸ ವ್ಯಾಯಾಮದ ಮೇಲೆ ಒಂದೆರಡು ದಿನ ಮಾಂಸಖಂಡ ಹಿಡಿದುಕೊಂಡ ಹಾಗಾಗುವುದು ಸಹಜ. ವರ್ಷಕ್ಕೊಮ್ಮೆ ಪುತ್ತರಿ ಸುಗ್ಗಿ ಹಬ್ಬದಲ್ಲಿ ಕೋಲಾಟ ಆಡಿದವರಿಗೆ ಮಾರನೆಯ ದಿನ ಮೈ ಕೈ ನೋಯುವುದಿಲ್ಲವೇ, ಹಾಗೆ. ಚುಚ್ಚಿದಂತೆ, ಕಾಲಿನ ಉದ್ದಕ್ಕೂ ಮಿಂಚಿನಂತೆ ಇಳಿದರೆ ಅಥವಾ ಜೋಮು ಹೆಚ್ಚುತ್ತಾ ಹೋದರೆ ನಿಲ್ಲಿಸಿ.

“ತಡ್ಕೊಳ್ಳಿ, ತಡ್ಕೊಳ್ಳಿ” ಅಂತ ಕಣ್ಣೀರು ಬರುವ ಹಾಗೆ ಕೀಲು ಮುರಿದು ಬಗ್ಗಿಸುವುದನ್ನು ನಾನು ಒಪ್ಪುವುದಿಲ್ಲ. ಸಾಕು ಅಂದಾಗ ನಿಲ್ಲಿಸದ ಕೈಯಿಂದ ಎದ್ದು ಬನ್ನಿ.

8. ಉಳಿದದ್ದೆಲ್ಲ ಮನೆಯಲ್ಲಿ

ವಾರಕ್ಕೆ ಮೂರು ಸಲ, ಮುಕ್ಕಾಲು ಗಂಟೆಯಂತೆ ಬಂದರೂ ನಮ್ಮ ಜೊತೆ ಇರುವುದು ಎರಡೂ ಕಾಲು ಗಂಟೆ. ವಾರದಲ್ಲಿ ಇರುವುದು 168 ಗಂಟೆ.

ಚೀಟಿಯಲ್ಲಿ “10 ರೆಪ್ಸ್, 3 ಸೆಟ್, 5 ಸೆಕೆಂಡ್ ಹೋಲ್ಡ್” ಅಂತಿರುತ್ತದೆ. ಅಂದರೆ ಕಾಲು ಎತ್ತಿ ಐದು ಎಣಿಸುವ ತನಕ ಹಿಡಿದು ಇಳಿಸಿ, ಹೀಗೆ ಹತ್ತು ಸಲ. ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹತ್ತು, ಮತ್ತೆ ಹತ್ತು. ನೀವು ಮಾಡುವುದನ್ನು ನಿಮ್ಮದೇ ಮೊಬೈಲಿನಲ್ಲಿ ವಿಡಿಯೋ ಮಾಡಿಸಿಕೊಳ್ಳಿ. ಯಾರದೋ ಯೂಟ್ಯೂಬ್ ವಿಡಿಯೋಗಿಂತ ಅದು ಮೇಲು. ತೂಕ ಬೇಕೆಂದರೆ ಅಂಗಡಿಗೆ ಓಡಬೇಡಿ. ಹಳೆಯ ಕಾಲುಚೀಲಕ್ಕೆ ಒಂದು ಕಿಲೋ ಅಕ್ಕಿಯೋ ಕಾಫಿ ಬೀಜವೋ ತುಂಬಿ ಕಟ್ಟಿದರೆ ಕಾಲಿಗೆ ಸಾಕು. ಅರ್ಧ ಲೀಟರ್ ನೀರಿನ ಬಾಟಲಿ ಕೈಗೆ ಅರ್ಧ ಕಿಲೋ.

ಕೋಲನ್ನು ನೋವಿಲ್ಲದ ಕಾಲಿನ ಕಡೆಯ ಕೈಯಲ್ಲಿ ಹಿಡಿಯಿರಿ. ಬಹಳ ಜನ ಉಲ್ಟಾ ಹಿಡಿಯುತ್ತಾರೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಮಳೆಗಾಲದಲ್ಲಿ ವಾಕಿಂಗ್ ಅಂಗಳದಲ್ಲಿ ಬೇಡ, ಜಗಲಿಯಲ್ಲೇ ಆ ತುದಿಯಿಂದ ಈ ತುದಿಗೆ ನಡೆಯಿರಿ. ಒದ್ದೆಯಾದ ರೆಡ್ ಆಕ್ಸೈಡ್ ನೆಲ ಪಾಚಿಯಷ್ಟೇ ಜಾರುತ್ತದೆ, ನೆನಪಿರಲಿ.

9. ಕುಯ್ಲು, ಮಳೆ, ಹಾಕಿ

ಈಗ ಮೂರನೆಯ ಪ್ರಶ್ನೆಗೆ ಬರೋಣ. ಅರೇಬಿಕಾ ನವೆಂಬರಿಗೆ ಶುರುವಾದರೆ, ರೋಬಸ್ಟಾ, ಕರಿಮೆಣಸು ಅಂತ ಮಾರ್ಚ್ ಏಪ್ರಿಲ್ ತನಕ ಪುರುಸೊತ್ತಿಲ್ಲ. ಜೂನ್ ಬಂದರೆ ಮಳೆ. ಹಾಗೆ ನೋಡಿದರೆ ಫಿಸಿಯೋಗೆ ತಿಂಗಳೇ ಉಳಿಯುವುದಿಲ್ಲ!

ಕಾಯಬಾರದ್ದು: ಆಪರೇಷನ್ ಆದವರು, ಪ್ಲಾಸ್ಟರ್ ಬಿಚ್ಚಿದವರು, ಪಾರ್ಶ್ವವಾಯು ಆದವರು. ಪಾರ್ಶ್ವವಾಯುವಿನಲ್ಲಿ ಚೇತರಿಕೆ ವೇಗವಾಗಿರುವುದು ಮೊದಲ ಮೂರರಿಂದ ಆರು ತಿಂಗಳು. ಆಮೇಲೂ ಆಗುತ್ತದೆ, ಆದರೆ ನಿಧಾನ. ಕಾಯಬಹುದಾದದ್ದು: ವರ್ಷಗಳಿಂದ ಇರುವ ಸಣ್ಣ ಮಂಡಿ ನೋವು, ಬೆನ್ನು ನೋವು. ಅವರೂ ಕುಯ್ಲಿಗೆ ಮೊದಲು ಒಂದು ಸಲ ಬಂದು ಮನೆ ವ್ಯಾಯಾಮ ಕಲಿತು ಹೋದರೆ ಒಳ್ಳೆಯದು. ‘ಫ್ರೋಜನ್ ಶೋಲ್ಡರ್’, ಅಂದರೆ ಹೆಪ್ಪುಗಟ್ಟಿದ ಭುಜ, ಒಂದರಿಂದ ಮೂರು ವರ್ಷ ಎಳೆಯುವ ತೊಂದರೆ. ಸಕ್ಕರೆ ಕಾಯಿಲೆಯವರಲ್ಲಿ ಜಾಸ್ತಿ. ಅದಕ್ಕೆ ಹದಿನೈದು ದಿನದ ಪ್ಯಾಕೇಜ್ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಮಳೆಗಾಲದಲ್ಲಿ ರಸ್ತೆ ಕೈಕೊಡುತ್ತದೆ ಅನ್ನುವುದು ನಿಜ. ಮೊದಲೇ ಹೇಳಿದರೆ ವಾರಕ್ಕೊಂದು ಭೇಟಿ, ನಡುವೆ ವಿಡಿಯೋ ಕಾಲ್ ಅಂತ ಹೊಂದಿಸಬಹುದು. ಹೇಳದೆ ಬಿಡಬೇಡಿ.

ಹಾಕಿ ಆಡುವ ಹುಡುಗರಿಗೆ ಬೇರೆಯೇ ಅವಸರ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಬೇಸಿಗೆಗೆ ಬಂತೆಂದರೆ, ಮಂಡಿಯ ಎಸಿಎಲ್ ಅನ್ನುವ ಒಳಗಿನ ಹಗ್ಗ ಹರಿದು ಆಪರೇಷನ್ ಆದವರೂ “ನಮ್ಮ ಮನೆತನದ ಮ್ಯಾಚು, ಒಂದೇ ಆಡ್ತೀನಿ” ಅಂತ ಬರುತ್ತಾರೆ. ಎಸಿಎಲ್ ಆಪರೇಷನ್ ಆಗಿ ಕಡಿಮೆ ಅಂದರೂ ಒಂಬತ್ತು ತಿಂಗಳು ಮೈದಾನಕ್ಕೆ ಇಳಿಯಬೇಡಿ. ಈ ವರ್ಷ ಗ್ಯಾಲರಿಯಲ್ಲಿ ಕೂತು ಕೂಗಿ.

10. ಬದಲಿಸುವುದು ಯಾವಾಗ, ನಿಲ್ಲಿಸುವುದು ಯಾವಾಗ

ನಾಲ್ಕು ವಾರ ಹೇಳಿದ ಹಾಗೆ ಮಾಡಿಯೂ ಮೊದಲ ದಿನದ ಅಳತೆಗಳಲ್ಲಿ ಏನೂ ಬದಲಾಗದಿದ್ದರೆ ಮತ್ತೆ ಪರೀಕ್ಷೆ ಮಾಡಲು ಹೇಳಿ, ಬೇಕಾದರೆ ಡಾಕ್ಟರಿಗೆ ತೋರಿಸಿ. ಹೇಳಿದ ಹಾಗೆ ಮಾಡಿಲ್ಲದಿದ್ದರೆ ಅದನ್ನೂ ನಿಜ ಹೇಳಿ. ನಾವು ಬೈಯುವುದಿಲ್ಲ, ಐದು ವ್ಯಾಯಾಮದ ಬದಲು ಎರಡೇ ಕೊಡುತ್ತೇವೆ.

ನೋವು ಹೋದ ಕೂಡಲೇ ಬಿಡುವುದು ಎಲ್ಲರೂ ಮಾಡುವ ತಪ್ಪು. ನೋವು ಎರಡು ಮೂರು ವಾರದಲ್ಲಿ ಇಳಿಯಬಹುದು, ಸ್ನಾಯುವಿಗೆ ಬಲ ಬರಲು ಆರರಿಂದ ಎಂಟು ವಾರವಾದರೂ ಬೇಕು. ಕರಿಮೆಣಸಿಗೆ ಏಣಿ ಹತ್ತುವವರನ್ನು ವಾಪಸ್ ಕಳಿಸುವ ಮೊದಲು ನಾನು ಮೂರು ನೋಡುತ್ತೇನೆ: ಒಂದೇ ಕಾಲಿನಲ್ಲಿ ಅರ್ಧ ನಿಮಿಷ ನಿಲ್ಲುತ್ತಾರಾ, ಕೈ ಹಿಡಿಯದೆ ಮೆಟ್ಟಿಲು ಇಳಿಯುತ್ತಾರಾ, ಕುಕ್ಕರಗಾಲಿನಲ್ಲಿ ಕೂತು ಕೈ ಊರದೆ ಏಳುತ್ತಾರಾ. ಮೂರೂ ಆದರೆ ಮೊದಲ ವಾರ ತಗ್ಗಿನ ಬಳ್ಳಿಗಳು ಮಾತ್ರ, ಕೆಳಗೆ ಏಣಿ ಹಿಡಿಯಲು ಒಬ್ಬರು ಇರಲಿ. ಸಿಲ್ವರ್ ಮರದ ತುದಿಯ ಬಳ್ಳಿಯನ್ನು ಈ ಸಲ ಬೇರೆಯವರಿಗೆ ಬಿಡಿ.